ಅನ್ನಪೂರ್ಣೆಯ ಸುತ್ತ ಇಬ್ಬರ ನಡಿಗೆ

ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೆ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಡುವ ದಂಪತಿಗಳು ನಮ್ಮನ್ನು ಮೊದಲು ಕೇಳುವುದು ಬೂಟು, ಜಾಕೆಟ್ಟು, ಖರ್ಚಿನ ಬಗ್ಗೆ. ಈ ಮೂರಕ್ಕೂ ಉತ್ತರ ಸುಲಭ. ಕಷ್ಟದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇಬ್ಬರಲ್ಲಿ ಒಬ್ಬರಿಗೆ ಮುಂದೆ ಹೋಗಲು ಆಗದಿದ್ದರೆ ಏನು ಮಾಡುವುದು? ಗಂಡ ಹೆಂಡತಿ ಇದನ್ನು ಮನೆಯಲ್ಲೇ, ಟಿಕೆಟ್ ಮಾಡಿಸುವ ಮುಂಚೆಯೇ ಕೂತು ಮಾತಾಡಬೇಕು. 5416 ಮೀಟರ್ ಎತ್ತರದ ಥೊರೊಂಗ್ ಲಾ ಪಾಸ್‌ನ ಬುಡಕ್ಕೆ ಹೋದಮೇಲೆ ಆ ಮಾತು ಎತ್ತಿದರೆ, ಚಳಿ, ನಿದ್ದೆಗೇಡು, ಆಯಾಸದ ನಡುವೆ ಇಬ್ಬರ ತಲೆಯೂ ನೆಟ್ಟಗೆ ಓಡುವುದಿಲ್ಲ.

ದಾರಿ ಶುರುವಾಗುವ ಬೇಸಿಸಹರ್ ಪಟ್ಟಣ ಬೆಂಗಳೂರಿಗಿಂತ ತಗ್ಗಿನಲ್ಲಿದೆ. ಭತ್ತದ ಗದ್ದೆ, ಬಾಳೆಗಿಡ, ಸೆಕೆ. ಅಲ್ಲಿಂದ ಮರ್ಸ್ಯಾಂಗ್ದಿ ನದಿಯ ಜೊತೆಜೊತೆಗೇ ಹತ್ತುತ್ತಾ ಹೋದರೆ ಜಲಪಾತಗಳು, ಆಮೇಲೆ ಪೈನ್ ಕಾಡು, ಕೊನೆಗೆ ಮಳೆ ಅಪರೂಪವಾದ ಮನಾಂಗ್ ಬಯಲು. ಚಪ್ಪಟೆ ಸೂರಿನ ಕಲ್ಲುಮನೆಗಳು, ಸೂರಿನ ಮೇಲೆ ಒಣಹಾಕಿದ ಸೌದೆ, ಊರಬಾಗಿಲಲ್ಲಿ ಪ್ರಾರ್ಥನಾ ಚಕ್ರಗಳ ಸಾಲು. ಮನಾಂಗ್ ಊರಿನ ಎತ್ತರ ಸುಮಾರು 3540 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್ ಎಂದರೆ ಅಂದಾಜು ಸಿಗುತ್ತದೆ. ಥೊರೊಂಗ್ ಲಾ ತಲುಪುವ ಹೊತ್ತಿಗೆ ಪ್ರತಿ ಉಸಿರಿಗೆ ಒಳಹೋಗುವ ಆಮ್ಲಜನಕ ಕಡಲ ತೀರದಲ್ಲಿ ಸಿಗುವುದರ ಅರ್ಧದಷ್ಟಕ್ಕೆ ಇಳಿದಿರುತ್ತದೆ.

ಈಗ ಮನಾಂಗ್‌ವರೆಗೂ ಜೀಪ್ ರಸ್ತೆ ಇದೆ. ರಜೆ ಕಡಿಮೆ ಇರುವ ನಮ್ಮವರಿಗೆ ಇದು ದೊಡ್ಡ ಆಸೆ ಹುಟ್ಟಿಸುತ್ತದೆ. ಬೆಳಿಗ್ಗೆ ತಗ್ಗಿನಲ್ಲಿ ಹತ್ತಿ ಸಂಜೆಗೆ ಮನಾಂಗ್‌ನಲ್ಲಿ ಇಳಿದುಬಿಡೋಣ ಎನಿಸುತ್ತದೆ. ದಯವಿಟ್ಟು ಬೇಡ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ತಂಗಬೇಕು ಎನ್ನುವುದು ಪರ್ವತ ವೈದ್ಯರೆಲ್ಲ ಒಪ್ಪಿದ ಲೆಕ್ಕ. ಜೀಪಿನಲ್ಲಿ ಚಾಮೆವರೆಗೆ ಹೋಗಿ, ಅಲ್ಲಿಂದ ಕಾಲ್ನಡಿಗೆ ಹಿಡಿಯುವುದು ನಾನು ಹೇಳುವ ದಾರಿ. ಪಿಸಾಂಗ್‌ನಲ್ಲಿ ದಾರಿ ಎರಡಾಗುತ್ತದೆ. ಕೆಳಗಿನದು ಸಲೀಸು, ಮೇಲಿನದು ಘ್ಯಾರು, ಙಾವಲ್ ಹಳ್ಳಿಗಳ ಮೂಲಕ ಏದುಸಿರು ಬಿಡಿಸಿ ಹತ್ತಿಸುತ್ತದೆ. ಮೇಲಿನದನ್ನೇ ಹಿಡಿಯಿರಿ. ದೇಹ ಎತ್ತರಕ್ಕೆ ಪಳಗುತ್ತದೆ. ಘ್ಯಾರುವಿನ ಕಟ್ಟೆಯ ಮೇಲೆ ಕೂತರೆ ಕಣಿವೆಯಾಚೆ 7937 ಮೀಟರ್‌ನ ಎರಡನೇ ಅನ್ನಪೂರ್ಣ ಬುಡದಿಂದ ತುದಿವರೆಗೂ ಅಡ್ಡಿಯಿಲ್ಲದೆ ಕಾಣುತ್ತದೆ. ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡದನ್ನು ನೋಡಿದ ಮೇಲೆ ಫೋಟೋ ತೆಗೆಯುವುದನ್ನೂ ಮರೆತು ನಾವಿಬ್ಬರೂ ಸುಮ್ಮನೆ ಕೂತಿದ್ದೆವು.

ದಾರಿಯುದ್ದಕ್ಕೂ ಟೀ ಹೌಸ್‌ಗಳಿವೆ. ರೂಮಿಗೆ ಹಣ ಕಡಿಮೆ. ಆದರೆ ರಾತ್ರಿ ಊಟ, ಬೆಳಗಿನ ತಿಂಡಿ ಅಲ್ಲೇ ಆಗಬೇಕು, ಅದು ಒಪ್ಪಂದ. ಪ್ಲೈವುಡ್ ಗೋಡೆ, ಎರಡು ಮಂಚ, ಕಿಟಕಿಯ ಸಂದಿಯಿಂದ ಗಾಳಿ. ಬೆಚ್ಚಗಿರುವ ಜಾಗ ಒಂದೇ, ಊಟದ ಕೋಣೆ. ಅದರ ನಡುವೆ ಕಬ್ಬಿಣದ ಒಲೆ, ಸುತ್ತ ಒಣಗಲು ತೂಗಿಬಿಟ್ಟ ಕಾಲುಚೀಲ. ಸಸ್ಯಾಹಾರಿಗಳಿಗೆ ಊಟದ ಚಿಂತೆಯೇ ಬೇಡ. ದಾಲ್ ಭಾತ್ ಕೇಳಿ: ಅನ್ನ, ತೊವ್ವೆ, ಆಲೂಗಡ್ಡೆ ಪಲ್ಯ, ಸೊಪ್ಪು, ಹಪ್ಪಳ, ಖಾರದ ಅಚಾರ್. ಸಾಕು ಎನ್ನುವವರೆಗೆ ಮನೆಯಾಕೆ ಅನ್ನ, ತೊವ್ವೆ ಬಡಿಸುತ್ತಲೇ ಇರುತ್ತಾಳೆ. ಹಾಗಾಗಿಯೇ ಒಂದು ತಟ್ಟೆಯನ್ನು ಇಬ್ಬರು ಹಂಚಿಕೊಂಡು ಉಣ್ಣುವುದಕ್ಕೆ ಬಹಳ ಕಡೆ ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಮೇಲೆ ಹೋದಂತೆ ಬೆಲೆ ಏರುತ್ತದೆ. ಪ್ರತಿ ಅಕ್ಕಿಕಾಳೂ ಜೀಪು, ಹೇಸರಗತ್ತೆ, ಇಲ್ಲವೇ ಮನುಷ್ಯರ ಬೆನ್ನಿನ ಮೇಲೆ ಬಂದಿರುತ್ತದೆ. ಚೌಕಾಸಿ ಮಾಡಬೇಡಿ.

ಕಾಗದಪತ್ರದ ಮಾತು ಚುಟುಕಾಗಿ. ಭಾರತೀಯರಿಗೆ ವೀಸಾ ಬೇಕಿಲ್ಲ, ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕೇ ಬೇಕು. ಆಧಾರ್ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರ್ಮಿಟ್ ಸಾರ್ಕ್ ದೇಶದವರಿಗೆ 1000 ನೇಪಾಳಿ ರೂಪಾಯಿ, ನಮ್ಮ 100 ರೂಪಾಯಿ ಅಲ್ಲಿನ 160ಕ್ಕೆ ಸಮ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಪರವಾನಗಿ ಇರುವ ಗೈಡ್ ಇಟ್ಟುಕೊಳ್ಳಬೇಕೆಂಬ ನಿಯಮವೂ ಬಂದಿದೆ. ಇನ್ನು ಚೀಲ: ಟೂತ್‌ಪೇಸ್ಟ್, ಚಾರ್ಜರ್, ನೀರು ಶುದ್ಧಿಯ ಮಾತ್ರೆ ಇಬ್ಬರಿಗೂ ಸೇರಿ ಒಂದೊಂದು ಸಾಕು. ಹಣ ಮತ್ತು ಔಷಧಿಯನ್ನು ಮಾತ್ರ ಇಬ್ಬರ ಚೀಲಕ್ಕೂ ಹಂಚಿಡಿ. ಇಲ್ಲದಿದ್ದರೆ, ನಡಿಗೆಯಲ್ಲಿ ಅರ್ಧ ಗಂಟೆ ಹಿಂದೆಮುಂದಾದರೂ ಬೇಕಾದದ್ದು ಇನ್ನೊಬ್ಬರ ಬೆನ್ನಿನ ಮೇಲಿರುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಎತ್ತರದ ಕಾಯಿಲೆ ವಯಸ್ಸು, ಕಸರತ್ತು, ಗಂಡು ಹೆಣ್ಣು ನೋಡಿ ಬರುವುದಿಲ್ಲ. ಮ್ಯಾರಥಾನ್ ಓಡುವವರನ್ನು ಮಲಗಿಸಿ, ಮೆಟ್ಟಿಲು ಹತ್ತಲು ಏದುವವರನ್ನು ಬಿಟ್ಟುಬಿಡಬಹುದು. ತಲೆನೋವು, ಹೊಟ್ಟೆ ತೊಳಸು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಮೊದಲ ಲಕ್ಷಣ. ಅದನ್ನು ಕಡೆಗಣಿಸಿ ಮೇಲೆ ಹೋದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಜೀವಕ್ಕೇ ಕುತ್ತು. ಆ ಹಂತ ಮುಟ್ಟಿದರೆ ಮದ್ದು ಒಂದೇ: ಇಳಿಯುವುದು.

ನಮ್ಮ ದಾಂಪತ್ಯದ ರೂಢಿ ಇಲ್ಲಿ ಅಡ್ಡ ಬರುತ್ತದೆ. ಹೊಂದಿಕೊಂಡು ಹೋಗಬೇಕು ಎಂದು ಕೇಳಿಸಿಕೊಂಡೇ ಬೆಳೆದವರು ನಾವು. ಹೆಂಡತಿ ನೋವು ನುಂಗುತ್ತಾಳೆ, ಗಂಡ ಸುಸ್ತು ತೋರಗೊಡುವುದಿಲ್ಲ. ತನ್ನಿಂದ ಇನ್ನೊಬ್ಬರ ಪ್ರವಾಸ ಹಾಳಾಗಬಾರದು ಎಂಬ ಪ್ರೀತಿಯೇ ಇದಕ್ಕೆ ಕಾರಣ. ಆದರೆ ಆ ಎತ್ತರದಲ್ಲಿ ಇಂಥ ಪ್ರೀತಿ ಅಪಾಯಕಾರಿ. ಮನಾಂಗ್‌ನ ಸಂಜೆಯೊಂದರಲ್ಲಿ ನನ್ನ ಗಂಡ ಎರಡನೇ ಸಲ ಅನ್ನ ಬೇಡವೆಂದು ಕೈ ಅಡ್ಡ ಹಿಡಿದರು. ಊಟದಲ್ಲಿ ಎಂದೂ ಹಿಂದೆ ಬೀಳದವರು. ಮಾತೂ ಕಡಿಮೆಯಾಗಿತ್ತು.

"ಏನಾಯ್ತು ರೀ, ತಲೆ ನೋಯ್ತಿದೆಯಾ?"

"ಏನಿಲ್ಲ, ಬಿಸಿಲಿಗೆ. ಮಲಗಿದರೆ ಸರಿಹೋಗುತ್ತೆ."

ಎರಡು ಸಲ ಕೇಳಿದ ಮೇಲೆ, ಹಿಂದಿನ ರಾತ್ರಿಯಿಂದಲೇ ನೋವಿದೆ ಎಂದು ಒಪ್ಪಿಕೊಂಡರು. ಆ ಊರಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಕಾಲದಲ್ಲಿ ಒಂದು ಚಿಕಿತ್ಸಾ ಕೇಂದ್ರ ನಡೆಸುತ್ತದೆ, ಎತ್ತರದ ಕಾಯಿಲೆಯ ಬಗ್ಗೆ ಚಾರಣಿಗರಿಗೆ ತಿಳಿವಳಿಕೆಯನ್ನೂ ಕೊಡುತ್ತದೆ. 1973ರಿಂದ ಈ ಕೆಲಸ ಮಾಡಿಕೊಂಡು ಬಂದಿರುವ ಸಂಸ್ಥೆ. ವೈದ್ಯರು ಪರೀಕ್ಷಿಸಿ, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿ ನೋಡಿ, ನೋವು ಪೂರ್ತಿ ಹೋಗುವವರೆಗೆ ಒಂದು ಹೆಜ್ಜೆಯೂ ಮೇಲೆ ಹೋಗಕೂಡದು ಎಂದರು. ಉಳಿದೆವು. ಗಂಗಾಪೂರ್ಣ ಹಿಮನದಿಯ ಕೆಳಗಿನ ಸರೋವರದ ದಡದಲ್ಲಿ ನಿಧಾನವಾಗಿ ಓಡಾಡಿದೆವು, ಬೆಳ್ಳುಳ್ಳಿ ಸೂಪ್ ಕುಡಿದೆವು. ನೋವು ಇಳಿಯಿತು, ಹಸಿವು ಮರಳಿತು.

ಒಂಟಿ ಚಾರಣಿಗರಿಗೆ ಇಲ್ಲದ ಅನುಕೂಲ ಜೋಡಿಗಿದೆ. ನಿಮ್ಮವರ ಮಾತು, ನಡಿಗೆ, ಊಟದ ಪ್ರಮಾಣ ನಿಮಗೆ ಗೊತ್ತಿರುವಷ್ಟು ಯಾವ ಗೈಡ್‌ಗೂ ಗೊತ್ತಿರುವುದಿಲ್ಲ. ತೊದಲು, ತೂರಾಟ, ಕಾರಣವಿಲ್ಲದ ಸಿಡುಕು ಕಂಡರೆ ಮೊದಲು ಗುರುತಿಸುವವರು ನೀವೇ. ದಿನಕ್ಕೆರಡು ಸಲ ಒಬ್ಬರನ್ನೊಬ್ಬರು ಕೇಳಿ. ಕೇಳಿದಾಗ ನಿಜ ಹೇಳಿ.

ಹವಾಮಾನದ ವಿಷಯದಲ್ಲೂ ಹಟ ಬೇಡ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣವನ್ನು ಸೀಳಿಹಾಕಿದ ಹುಡ್‌ಹುಡ್ ಚಂಡಮಾರುತದ ಬಾಲ ಎರಡೇ ದಿನದಲ್ಲಿ ಹಿಮಾಲಯ ಮುಟ್ಟಿ, ಥೊರೊಂಗ್ ಲಾ ಆಸುಪಾಸಿನಲ್ಲಿ ಹಿಮಪಾತವಾಗಿ 40ಕ್ಕೂ ಹೆಚ್ಚು ಜನ ಸತ್ತರು. ಚಾರಣಕ್ಕೆ ಅತ್ಯುತ್ತಮ ಎನ್ನುವ ತಿಂಗಳಲ್ಲೇ ಆದ ದುರಂತ ಅದು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಸುದ್ದಿ ಇದ್ದರೆ ಕೆಳಗಿನ ಊರಿನಲ್ಲೇ ಉಳಿದುಬಿಡಿ.

ಪಾಸ್ ದಾಟಿ 1600 ಮೀಟರ್ ಇಳಿದರೆ ಮುಕ್ತಿನಾಥ. 108 ನೀರಿನ ಬಾಯಿಗಳ ಕೆಳಗೆ ಓಡುತ್ತ ಮೀಯುವ ಭಕ್ತರು, ವಿಷ್ಣುವಿನ ಸನ್ನಿಧಿ, ಅದೇ ಮೂರ್ತಿಗೆ ಪೂಜೆಯಲ್ಲಿ ನೆರವಾಗುವ ಬೌದ್ಧ ಸನ್ಯಾಸಿನಿಯರು. ಕೆಳಗೆ ಹರಿಯುವ ಕಾಳಿ ಗಂಡಕಿಯೇ ನಮ್ಮ ಮಾಧ್ವ, ಶ್ರೀವೈಷ್ಣವ ಮನೆಗಳ ದೇವರಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳ ತವರು. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಟೆಥಿಸ್ ಸಾಗರದ ಅಮೋನೈಟ್ ಜೀವಿಗಳ ಪಳೆಯುಳಿಕೆ ಅವು. ಅಜ್ಜಿ ದಿನವೂ ಅಭಿಷೇಕ ಮಾಡುತ್ತಿದ್ದ ಕಲ್ಲಿನ ಸುರುಳಿಗೆರೆಯನ್ನೇ ನದಿಯ ಉಸುಕಿನಲ್ಲಿ ಒಡೆದ ಕರಿಕಲ್ಲೊಂದರ ಒಳಗೆ ಕಂಡಾಗ ನನ್ನ ಕಣ್ಣು ತುಂಬಿಬಂತು.

ಹಾಗೆಂದು ಮುಕ್ತಿನಾಥದ ಆಸೆಗೆ ಬಿದ್ದು ತಲೆನೋವು ಮುಚ್ಚಿಡಬೇಕಾಗಿಲ್ಲ. ಇಬ್ಬರಲ್ಲಿ ಯಾರೇ ಸಾಕೆಂದರೂ ಇಬ್ಬರೂ ಇಳಿಯುವುದು ಎಂದು ಹೊರಡುವಾಗಲೇ ತೀರ್ಮಾನ ಮಾಡಿಕೊಳ್ಳಿ, ರಜೆಯಲ್ಲಿ ಎರಡು ಮೂರು ದಿನ ಕೈಯಲ್ಲಿ ಉಳಿಸಿಕೊಳ್ಳಿ. ಮನಾಂಗ್‌ನಿಂದ ಜೀಪಿನಲ್ಲಿ ವಾಪಸ್ ಇಳಿದು ಪೋಖರಾ ಸೇರಿದರೆ, ಅಲ್ಲಿಂದ ಜೋಮ್‌ಸೋಮ್ ಮಾರ್ಗವಾಗಿ ಮುಕ್ತಿನಾಥದವರೆಗೂ ರಸ್ತೆ ಇದೆ. ಬಸ್ಸೂ ಸಿಗುತ್ತದೆ, ಜೀಪೂ ಸಿಗುತ್ತದೆ.