ಕೂಲಂಟ್ ಸೋರುತ್ತಿದ್ದರೆ ಬರೀ ನೀರು ಹಾಕಿ ಊರಿಗೆ ಹೊರಡಬೇಡಿ

ದೀಪಾವಳಿಗೆಂದು ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಕಾರಿನಲ್ಲಿ ಹೊರಡುವ ಕನ್ನಡಿಗರಿಗೆ ರಾಷ್ಟ್ರೀಯ ಹೆದ್ದಾರಿ 48 ಚೆನ್ನಾಗಿ ಪರಿಚಿತ. ಖಂಬಾಟ್ಕಿ ಘಾಟಿ ಏರಿ, ಸಾತಾರಾ, ಕರಾಡ, ಕೊಲ್ಹಾಪುರ ದಾಟಿ ನಿಪ್ಪಾಣಿಯ ಕನ್ನಡ ಬೋರ್ಡು ಕಂಡರೆ ಅರ್ಧ ಊರು ಸೇರಿದಂತೆ. ಆದರೆ ಹಬ್ಬದ ದಟ್ಟಣೆಯಲ್ಲಿ ಘಾಟಿ ಏರುವಾಗ ಕಾರು ಆಮೆಯಂತೆ ಸಾಗುತ್ತದೆ. ಗಾಳಿ ಸಾಲದು, ಎಸಿ ಓಡುತ್ತಿರುತ್ತದೆ, ಡಿಕ್ಕಿ ತುಂಬಾ ಸಾಮಾನು. ಎಂಜಿನ್ ತಂಪು ಮಾಡುವ ವ್ಯವಸ್ಥೆಯಲ್ಲಿ ಸಣ್ಣ ದೋಷವಿದ್ದರೂ ಹೊರಬೀಳುವುದು ಅಲ್ಲಿಯೇ.

ಹಳೆಯ ಕಾರುಗಳಲ್ಲಿ ಆ ದೋಷ ಬಹಳ ಸಲ ಒಂದು ರಬ್ಬರ್ ಹೋಸ್‌ನದ್ದು. ಎಂಜಿನ್‌ನಿಂದ ಬಿಸಿ ಕೂಲಂಟ್ ಮೇಲಿನ ಹೋಸ್ ಮೂಲಕ ರೇಡಿಯೇಟರ್‌ಗೆ ಬರುತ್ತದೆ. ಅಲ್ಲಿ ತಣಿದು ಕೆಳಗಿನ ಹೋಸ್ ಮೂಲಕ ವಾಟರ್ ಪಂಪಿಗೆ ಮರಳುತ್ತದೆ. ವರ್ಷಗಟ್ಟಲೆ ಬಿಸಿ, ಒತ್ತಡ, ಕಂಪನ ತಾಳಿದ ರಬ್ಬರ್ ಒಳಗಿನಿಂದಲೇ ಬಿರುಕು ಬಿಡುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದರೂ ಕ್ಲಾಂಪ್ ಇರುವ ತುದಿಯಲ್ಲಿ ಜಿನುಗತೊಡಗುತ್ತದೆ.

ನನ್ನ ಹತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ ಹೀಗೆ ಜಿನುಗಿದ್ದು ಮೇಲಿನ ಹೋಸ್. ಕಂಡವರೆಲ್ಲ ಕೊಟ್ಟ ಸಲಹೆ ಒಂದೇ: ‘ಪಾಣಿ ಟಾಕಾ, ಚಾಲೇಲ್’. ನೀರು ಹಾಕಿ, ನಡೆಯುತ್ತೆ ಅಂತ. ಊರಿನ ಪರಿಚಯದ ಮೆಕ್ಯಾನಿಕ್ ನೂರಾರು ಕಿಲೋಮೀಟರ್ ದೂರವಿರುವಾಗ ನಮ್ಮಂಥವರಿಗೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಆದರೆ ಅದು ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಲೆಕ್ಕವಿದೆ.

ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮಪಾಲು ನೀರು ಬೆರೆಸಿದ ಎಥಿಲೀನ್ ಗ್ಲೈಕಾಲ್ ಕೂಲಂಟ್ ಸುಮಾರು 107 ಡಿಗ್ರಿಗೆ. ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟಾಗ ಈ ಮಿತಿ 125 ಡಿಗ್ರಿ ಆಸುಪಾಸಿಗೆ ಏರುತ್ತದೆ. ಎಂಜಿನ್ ಸಾಮಾನ್ಯವಾಗಿ ಓಡುವುದು 90 ಡಿಗ್ರಿ ಸುಮಾರಿಗೆ, ಘಾಟಿಯಲ್ಲಿ ಇನ್ನೂ ಮೇಲೆ. ಹೋಸ್ ಸೋರಿದರೆ ಒತ್ತಡ ನಿಲ್ಲುವುದಿಲ್ಲ. ಬರೀ ನೀರು ಹಾಕಿದರೆ ಗ್ಲೈಕಾಲ್‌ನ ರಕ್ಷಣೆಯೂ ಹೋಗುತ್ತದೆ. ಆಗ ಸಿಲಿಂಡರ್ ಹೆಡ್‌ನ ಅತಿ ಬಿಸಿ ಭಾಗಗಳಲ್ಲಿ ದ್ರವ ಕುದಿದು ಹಬೆಯಾಗುತ್ತದೆ. ಹಬೆ ಶಾಖವನ್ನು ಸರಿಯಾಗಿ ಹೊತ್ತೊಯ್ಯುವುದಿಲ್ಲ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಕೆಲವು ನೂರು ರೂಪಾಯಿಯ ಹೋಸ್‌ನಲ್ಲಿ ಮುಗಿಯಬೇಕಾದ ಕೆಲಸ ಹತ್ತಾರು ಸಾವಿರಕ್ಕೆ ಮುಟ್ಟುತ್ತದೆ.

ಇನ್ನೊಂದು ಅಪಾಯ ಡ್ಯಾಶ್‌ಬೋರ್ಡಿನದು. ಕೂಲಂಟ್ ಪೂರ್ತಿ ಖಾಲಿಯಾದರೆ ತಾಪಮಾನದ ಸೆನ್ಸರ್ ದ್ರವದಲ್ಲಿ ಮುಳುಗಿರುವುದಿಲ್ಲ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಏರದೇ ಇರಬಹುದು. ಈಗಿನ ಹಲವು ಕಾರುಗಳಲ್ಲಿ ಮುಳ್ಳೂ ಇಲ್ಲ, ಕೆಂಪು ದೀಪ ಮಾತ್ರ. ‘ಮೀಟರ್ ಸರಿ ಇದೆಯಲ್ಲ’ ಎಂದು ನಂಬಿ ಕೂರುವಂತಿಲ್ಲ.

ಆದ್ದರಿಂದ ಮೊದಲ ಕೆಲಸ ಸೋರುವ ಜಾಗ ಹುಡುಕುವುದು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ರಿಸರ್ವ್ ಟ್ಯಾಂಕಿನ ಮಟ್ಟ ನೋಡಿ. ಹೋಸ್‌ನ ತುದಿಗಳಲ್ಲಿ ಹಸಿರು, ಗುಲಾಬಿ ಅಥವಾ ಬಿಳಿ ಹಕ್ಕಳೆ, ಸಿಹಿ ವಾಸನೆ ಇದ್ದರೆ ಅಲ್ಲಿಯೇ ಸೋರಿಕೆ. ಹೋಸ್ ಹಿಸುಕಿದಾಗ ತೀರಾ ಮೆತ್ತಗಿದ್ದರೆ ಅಥವಾ ಒಣಗಿದಂತೆ ಕರಕರ ಅಂದರೆ ಬದಲಿಸುವ ಕಾಲ ಬಂದಿದೆ. ಕಾರಿನಡಿ ಬಿದ್ದ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಎಸಿಯದು, ಚಿಂತೆ ಬೇಡ. ಕ್ಯಾಬಿನ್‌ನ ಕಾರ್ಪೆಟ್ ಕೂಲಂಟ್‌ನಿಂದ ಒದ್ದೆಯಾಗಿದ್ದರೆ ಹೀಟರ್ ಕೋರ್ ಸೋರುತ್ತಿರಬಹುದು. ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಗ್ಯಾಸ್ಕೆಟ್ ಸಂಶಯ. ಇವೆರಡೂ ಮನೆಯಲ್ಲಿ ಮಾಡುವ ಕೆಲಸಗಳಲ್ಲ.

ಸೋರುತ್ತಿರುವುದು ಮೇಲಿನ ಹೋಸ್ ಆಗಿದ್ದು, ಕೈಗೆ ಸುಲಭವಾಗಿ ಸಿಗುವಂತಿದ್ದರೆ ಭಾನುವಾರದ ಅರ್ಧ ದಿನ ಸಾಕು. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರೇ ಸರಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕೂಲಂಟ್ ಪೈಪುಗಳನ್ನಂತೂ ಮುಟ್ಟಬೇಡಿ.

ಬಿಡಿಭಾಗದ ಅಂಗಡಿಯಲ್ಲಿ ಮಾಡೆಲ್ ಹೆಸರಷ್ಟೇ ಹೇಳಿದರೆ ಸಾಲದು, ಚಾಸಿಸ್ ನಂಬರ್ ಕೊಟ್ಟು ಹೊಂದುವ ಹೋಸ್ ಕೇಳಿ. ಅದು ಬಾಗಿದ ಆಕಾರದಲ್ಲೇ ಅಚ್ಚು ಹಾಕಿದ್ದು. ನೇರ ಪೈಪನ್ನು ಬಗ್ಗಿಸಿ ಕೂರಿಸಿದರೆ ಮಡಚಿಕೊಂಡು ಹರಿವು ನಿಲ್ಲುತ್ತದೆ. ಜೊತೆಗೆ ಹೊಸ ಕ್ಲಾಂಪ್‌ಗಳು ಮತ್ತು ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟ್ ಬೇಕು. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ. ಬಣ್ಣಕ್ಕೂ ಒಳಗಿನ ರಸಾಯನಕ್ಕೂ ನಿಗದಿತ ಸಂಬಂಧವಿಲ್ಲ. ಕಾನ್ಸಂಟ್ರೇಟ್ ತಂದರೆ ಬೆರೆಸಲು ಡಿಸ್ಟಿಲ್ಡ್ ನೀರೇ ಆಗಬೇಕು. ಟ್ಯಾಂಕರ್, ಬೋರ್‌ವೆಲ್ ನೀರಿನ ಗಡಸುತನ ರೇಡಿಯೇಟರ್ ಒಳಗೆ ಹಕ್ಕಳೆ ಕಟ್ಟುತ್ತದೆ.

ಕೆಲಸ ಆರಂಭಿಸುವ ಮೊದಲು ಎಂಜಿನ್ ಪೂರ್ತಿ ತಣಿದಿರಬೇಕು. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಗ್ಗೆ ಮುಟ್ಟುವುದು ಕ್ಷೇಮ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಹಾರುತ್ತದೆ. ಎಂಜಿನ್ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ತಿರುಗಬಹುದು, ಹಾಗಾಗಿ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಅಗಲದ ಬೇಸಿನ್ ಇಟ್ಟು, ಮೇಲಿನ ಹೋಸ್‌ಗಿಂತ ಮಟ್ಟ ಕೆಳಗಿಳಿಯುವಷ್ಟು ಕೂಲಂಟ್ ಇಳಿಸಿಕೊಳ್ಳಿ.

ಸ್ಪ್ರಿಂಗ್ ಕ್ಲಾಂಪ್ ಆದರೆ ಅದರ ಎರಡು ಕಿವಿಗಳನ್ನು ಪ್ಲೈಯರ್‌ನಿಂದ ಒತ್ತಿ ಹಿಂದೆ ಸರಿಸಿ. ಸ್ಕ್ರೂ ಕ್ಲಾಂಪ್ ಆದರೆ ಸಡಿಲಿಸಿ. ಹೋಸ್ ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಈಗಿನ ಹೆಚ್ಚಿನ ರೇಡಿಯೇಟರ್‌ಗಳ ಕತ್ತು ಪ್ಲಾಸ್ಟಿಕ್‌ನದು, ಸೀಳಿದರೆ ರೇಡಿಯೇಟರನ್ನೇ ಬದಲಿಸಬೇಕು. ಹೋಸ್ ಹಿಡಿದು ತಿರುಚಿ ನೋಡಿ. ಆಗಲೂ ಬರದಿದ್ದರೆ ಹಳೆಯ ರಬ್ಬರನ್ನು ಉದ್ದಕ್ಕೆ ಹುಷಾರಾಗಿ ಕೊಯ್ದು ಸುಲಿಯಿರಿ. ಬ್ಲೇಡು ಕತ್ತಿಗೆ ತಾಗಬಾರದು.

ಕತ್ತಿನ ಮೇಲಿನ ಹಕ್ಕಳೆ ಒರೆಸಿ, ಕ್ಲಾಂಪ್‌ಗಳನ್ನು ಮೊದಲೇ ಹೋಸ್ ಮೇಲೆ ಏರಿಸಿಕೊಂಡು ಹೊಸ ಹೋಸ್ ಕೂರಿಸಿ. ಬಿಗಿ ಎನಿಸಿದರೆ ತುದಿಗೆ ಸ್ವಲ್ಪ ಕೂಲಂಟ್ ಸವರಿ. ಆಯಿಲ್, ಗ್ರೀಸ್ ಬೇಡ. ಅವು ಈ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ. ಕತ್ತಿನ ತುದಿಯಲ್ಲಿ ಉಬ್ಬಿದ ಅಂಚೊಂದಿರುತ್ತದೆ. ಹೋಸ್ ಅದನ್ನು ದಾಟಿ ಒಳಗೆ ಹೋಗಬೇಕು, ಕ್ಲಾಂಪ್ ಆ ಅಂಚಿನ ಆಚೆ ಬದಿಯಲ್ಲಿ ಬಿಗಿಯಬೇಕು. ಅಂಚಿನ ಮೇಲೆಯೇ ಬಿಗಿದ ಕ್ಲಾಂಪ್ ಮತ್ತೆ ಸೋರುತ್ತದೆ.

ಕೊನೆಯ ಹಂತ ಗಾಳಿ ತೆಗೆಯುವುದು. ಒಳಗೆ ಗಾಳಿ ಗುಳ್ಳೆ ಉಳಿದರೆ ಹೊಸ ಹೋಸ್ ಹಾಕಿಯೂ ಎಂಜಿನ್ ಬಿಸಿಯಾಗುತ್ತದೆ. ಕೂಲಂಟನ್ನು ನಿಧಾನವಾಗಿ ತುಂಬಿ, ಬ್ಯಾಟರಿ ವೈರ್ ಜೋಡಿಸಿ, ಹೀಟರ್ ಗುಬುಟನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲೂ ಮಾಡಿ. ಗಾಳಿ ತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಕೆಲವಕ್ಕೆ ಪ್ರತ್ಯೇಕ ಸ್ಕ್ರೂ ಇರುತ್ತದೆ, ಮ್ಯಾನುಯಲ್ ನೋಡಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಟ್ಟು, ಪೂರ್ತಿ ತಣಿದ ಮೇಲೆ ಕಡಿಮೆಯಾದಷ್ಟು ಸೇರಿಸಿ. ಮುಂದಿನ ಎರಡು ಮೂರು ದಿನ ಬೆಳಗ್ಗೆ ಮಟ್ಟ ನೋಡುತ್ತಿರಿ.

ಬೇಸಿನ್‌ನಲ್ಲಿ ಉಳಿದ ಕೂಲಂಟ್ ವಿಷ. ರುಚಿ ಸಿಹಿಯಾದ್ದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಮಕ್ಕಳೂ ಆಡುತ್ತಾರೆ. ಚರಂಡಿಗೆ ಚೆಲ್ಲದೆ ಡಬ್ಬಿಗೆ ತುಂಬಿ ವರ್ಕ್‌ಶಾಪಿಗೆ ಕೊಡಿ, ನೆಲಕ್ಕೆ ಬಿದ್ದದ್ದನ್ನು ಮರಳು ಹಾಕಿ ಒರೆಸಿ.

ದಾರಿಯಲ್ಲೇ ಕೆಂಪು ದೀಪ ಹತ್ತಿದರೆ ಎಸಿ ಆರಿಸಿ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಮುಟ್ಟಿದರೆ ಬಿಸಿ ಇಲ್ಲ ಅನ್ನುವಷ್ಟು ತಣಿಯುವ ತನಕ ಮುಚ್ಚಳಕ್ಕೆ ಕೈ ಹಾಕಬೇಡಿ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು. ಬೇರೆ ದಾರಿಯೇ ಇಲ್ಲದಾಗ ತಣಿದ ಎಂಜಿನ್‌ಗೆ ನೀರು ಹಾಕಿ ಹತ್ತಿರದ ಗ್ಯಾರೇಜ್ ಮುಟ್ಟುವುದು ತಪ್ಪಲ್ಲ, ಆದರೆ ಅದು ಗ್ಯಾರೇಜ್ ತನಕ ಮಾತ್ರ.

ಈ ಸಲ ಊರಿನ ಟ್ರಿಪ್ ನಿಗದಿಯಾದ ಕೂಡಲೇ, ಟೈರ್ ಗಾಳಿ ನೋಡುವ ಹೊತ್ತಿಗೆ ಹೋಸ್‌ಗಳನ್ನೂ ಒಮ್ಮೆ ಹಿಸುಕಿ ನೋಡಿ. ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಬೇಕಾದ ಹೋಸ್ ತರಿಸಲು ಅಂಗಡಿಯವರಿಗೆ ಎರಡು ದಿನ ಬೇಕಾಗಬಹುದು, ಹಬ್ಬಕ್ಕೆ ಅಂಗಡಿಗೂ ರಜೆ ಇರುತ್ತದೆ.