ಆಪ್ತಸಮಾಲೋಚನೆಗೆ ಹೋಗುವ ಮುನ್ನ

ಮನೋಚಿಕಿತ್ಸೆ ಎಂದರೆ ತರಬೇತಿ ಪಡೆದವರೊಬ್ಬರ ಜೊತೆ, ಮೊದಲೇ ಗೊತ್ತುಮಾಡಿಕೊಂಡ ಹೊತ್ತಿನಲ್ಲಿ, ಒಂದು ಉದ್ದೇಶ ಇಟ್ಟುಕೊಂಡು ನಡೆಸುವ ಮಾತುಕತೆ. ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ. ‘ಏನು ಮಾಡಲಿ, ನೀವೇ ಹೇಳಿಬಿಡಿ’ ಎಂದು ಬರುವವರೇ ಹೆಚ್ಚು. ಒಳ್ಳೆಯ ಚಿಕಿತ್ಸಕರು ಹಾಗೆ ಹೇಳಿಬಿಡುವುದಿಲ್ಲ. ಕೆಲಸ ಬಿಡಬೇಕೇ, ಮದುವೆ ಉಳಿಸಿಕೊಳ್ಳಬೇಕೇ ಎಂಬ ತೀರ್ಮಾನ ಬಂದವರದ್ದೇ. ಆ ತೀರ್ಮಾನಕ್ಕೆ ಅಡ್ಡ ನಿಂತಿರುವ ಭಯ, ಅಭ್ಯಾಸ, ಹಳೆಯ ನೋವುಗಳನ್ನು ನೋಡಲು ನೆರವಾಗುವುದು ಚಿಕಿತ್ಸಕರ ಕೆಲಸ. ಇದು ಮೊದಲೇ ಗೊತ್ತಿದ್ದರೆ ಎರಡನೇ ಭೇಟಿಗೇ ನಿರಾಸೆಯಾಗಿ ಬಿಟ್ಟುಬಿಡುವುದು ತಪ್ಪುತ್ತದೆ.

ಇಂಥ ಚಿಕಿತ್ಸೆ ತೀವ್ರ ಕಾಯಿಲೆಯವರಿಗೆ ಮಾತ್ರ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಕನ್ನಡ ಓದುಗರಿಗೆ ಮನಸ್ಸಿನ ಆರೋಗ್ಯದ ವಿಷಯ ಹೊಸದೇನಲ್ಲ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಸರಳ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಆದರೆ ಓದಿ ತಿಳಿದವರೂ ತಮ್ಮ ಸರದಿ ಬಂದಾಗ ಹಿಂಜರಿಯುತ್ತಾರೆ. ಸಾವಿನ ದುಃಖ, ಬಿಡದ ಆತಂಕ, ಕುಡಿತ, ಪರೀಕ್ಷೆಯ ಭಯ, ಗಂಡ-ಹೆಂಡತಿ ನಡುವೆ ನಿಂತುಹೋದ ಮಾತು, ಇವೆಲ್ಲವೂ ಹೋಗಲು ತಕ್ಕ ಕಾರಣಗಳೇ.

ಯಾರ ಬಳಿ ಹೋಗಬೇಕು ಎಂಬಲ್ಲಿ ಗೊಂದಲ ಜಾಸ್ತಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಅಥವಾ ಅಂಥದ್ದೇ ಪರಿಣತಿ ಪಡೆದವರು. ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತ್ರೆ ಕೊಡುವುದಿಲ್ಲ. ಮನಃಶಾಸ್ತ್ರದ ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕುಟುಂಬದ ಸಮಸ್ಯೆಗಳಲ್ಲಿ ಪಳಗಿದವರು. ‘ಕೌನ್ಸೆಲರ್’ ಎಂಬ ಬೋರ್ಡಿನ ಹಿಂದೆ ಮಾತ್ರ ಎರಡು ವರ್ಷ ಓದಿದವರೂ ಇರಬಹುದು, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇರಬಹುದು. ಆದ್ದರಿಂದ ಓದಿದ್ದೇನು, ಎಲ್ಲಿ ತರಬೇತಿ, ನೋಂದಣಿ ಸಂಖ್ಯೆ ಇದೆಯೇ, ಇಂಥ ಸಮಸ್ಯೆ ಮೊದಲು ನೋಡಿದ್ದೀರಾ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೇಳಿದ್ದಕ್ಕೆ ಸಿಡಿಮಿಡಿಗೊಂಡರೆ ಬೇರೆಯವರನ್ನು ಹುಡುಕುವುದೇ ಒಳ್ಳೆಯದು. ಭಾಷೆಯೂ ಅಷ್ಟೇ ಮುಖ್ಯ. ಕಚೇರಿಯಲ್ಲಿ ಇಂಗ್ಲಿಷ್ ನಿರಾಯಾಸವಾಗಿ ಆಡುವವರಿಗೂ ಅವಮಾನ, ಅಳು, ಅಪ್ಪನ ಮೇಲಿನ ಸಿಟ್ಟು ಹೊರಬರುವುದು ಮನೆಮಾತಿನಲ್ಲೇ.

ಮೊದಲ ಒಂದೆರಡು ಭೇಟಿಗಳು ಬಹುಪಾಲು ಪ್ರಶ್ನೆಗಳಲ್ಲೇ ಕಳೆಯುತ್ತವೆ. ತೊಂದರೆ ಯಾವಾಗ ಶುರುವಾಯಿತು, ನಿದ್ರೆ-ಊಟ ಹೇಗಿದೆ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದೆಲ್ಲ ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ಬೆಚ್ಚಬೇಕಿಲ್ಲ. ಅದನ್ನು ಎಲ್ಲರಿಗೂ ಕೇಳುತ್ತಾರೆ, ಕೇಳಲೇಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಖಿನ್ನತೆಯಂತೆ ತೋರುವುದುಂಟು, ಹಾಗಾಗಿ ರಕ್ತಪರೀಕ್ಷೆ ಮಾಡಿಸಲು ಹೇಳಿದರೆ ಅಚ್ಚರಿಪಡಬೇಕಿಲ್ಲ.

ಆಮೇಲಿನ ಕೆಲಸದ ಬಗೆ ಪದ್ಧತಿಯಿಂದ ಪದ್ಧತಿಗೆ ಬೇರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂದು ಕರೆಯುವ ಪದ್ಧತಿಯಲ್ಲಿ ಮನೆಯಲ್ಲಿ ಮಾಡಿಕೊಂಡು ಬರಬೇಕಾದ ಅಭ್ಯಾಸವೂ ಇರುತ್ತದೆ. ಒಂದು ಹಾಳೆಯ ಮೇಲೆ ಕೆಲವು ಕಾಲಂ: ನಡೆದದ್ದೇನು, ಆಗ ಹೊಳೆದ ಯೋಚನೆ ಏನು, ಎಷ್ಟು ಸಂಕಟವಾಯಿತು, ಬೇರೆ ಹೇಗೆ ನೋಡಬಹುದಿತ್ತು. ಉದಾಹರಣೆಗೆ, ಮೇಲಧಿಕಾರಿ ಎದುರು ಸಿಕ್ಕರೂ ಮಾತಾಡಿಸದೆ ಹೋದರು ಎಂಬುದು ಮೊದಲ ಕಾಲಂ. ‘ನನ್ನ ಕೆಲಸ ಹೋಯಿತು’ ಎಂಬುದು ಎರಡನೆಯದು. ನೂರಕ್ಕೆ ಎಂಬತ್ತು ಸಂಕಟ. ಕೊನೆಯ ಕಾಲಂ ತುಂಬುವಾಗ ಪೆನ್ನು ತಡವರಿಸುತ್ತದೆ: ಅವರು ಫೋನಿನಲ್ಲಿದ್ದರು, ಯಾರನ್ನೂ ಮಾತಾಡಿಸಲಿಲ್ಲ. ಹತ್ತಾರು ಬಾರಿ ಬರೆದ ಮೇಲೆ ಎದೆ ಹೊಡೆದುಕೊಳ್ಳುವ ಮೊದಲೇ ಯೋಚನೆಯನ್ನು ಹಿಡಿಯುವುದು ರೂಢಿಯಾಗುತ್ತದೆ. ಇಂಥ ಚಿಕಿತ್ಸೆ ಹನ್ನೆರಡರಿಂದ ಇಪ್ಪತ್ತು ಭೇಟಿಗಳಲ್ಲಿ ಮುಗಿಯುವುದು ಸಾಮಾನ್ಯ. ಬಾಲ್ಯದ ಗಾಯಗಳನ್ನು ಕೆದಕಿ ನೋಡುವ ಪದ್ಧತಿಗಳು ವರ್ಷಗಟ್ಟಲೆ ಹಿಡಿಯಬಹುದು. ಯಾವುದೇ ಪದ್ಧತಿಯಲ್ಲೂ ಶುರುವಿನ ಕೆಲವು ವಾರ ಮನಸ್ಸು ಇನ್ನಷ್ಟು ಭಾರವಾಗುವುದುಂಟು. ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುತ್ತದೆ. ಚಿಕಿತ್ಸಕರಿಗೆ ಅದನ್ನೂ ಹೇಳಬೇಕು.

ಹೇಳಿದ್ದು ಹೊರಗೆ ಹೋಗುತ್ತದೆಯೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಅದಕ್ಕೆ ಮಿತಿಗಳೂ ಇವೆ: ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಮಾಹಿತಿ ಕೊಡಬಹುದು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ. ನಮ್ಮಲ್ಲಿ ಕಾನೂನಿಗಿಂತ ಹೆಚ್ಚಾಗಿ ಕಾಡುವವರು ಜೊತೆಗೆ ಬರುವ ಬಂಧುಗಳು. ಕೋಣೆಯೊಳಗೆ ಅಣ್ಣನೂ ಅತ್ತೆಯೂ ಕೂರಲೇಬೇಕೆಂದು ಹಟ ಹಿಡಿಯುವುದುಂಟು. ವಯಸ್ಕರ ಒಪ್ಪಿಗೆಯಿಲ್ಲದೆ, ‘ನಮ್ಮ ಹುಡುಗ ಏನು ಹೇಳಿದ?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಸಿಗಬಾರದು.

ಜೋಡಿ ಚಿಕಿತ್ಸೆಯ ನಿಯಮಗಳು ಬೇರೆ. ಮನೆಯ ಹಿರಿಯರು ಕೂರಿಸಿಕೊಂಡು ನಡೆಸುವ ರಾಜಿ ಪಂಚಾಯಿತಿಗೆ ಒಗ್ಗಿದ ದಂಪತಿಗಳು ಇಲ್ಲೂ ಅದನ್ನೇ ನಿರೀಕ್ಷಿಸುತ್ತಾರೆ. ತಪ್ಪು ಯಾರದು ಎಂದು ಹೇಳಿಸಲು ಸಾಕ್ಷಿ-ಪುರಾವೆ ಸಮೇತ ಬರುತ್ತಾರೆ. ಜೋಡಿ ಚಿಕಿತ್ಸಕರಿಗೆ ಗಂಡನೂ ರೋಗಿಯಲ್ಲ, ಹೆಂಡತಿಯೂ ರೋಗಿಯಲ್ಲ. ಇಬ್ಬರ ನಡುವಿನ ಸಂಬಂಧವೇ ಅವರ ಮುಂದಿರುವ ವಿಷಯ. ಬಹಳ ಮನೆಗಳಲ್ಲಿ ಜಗಳ ಒಂದೇ ದಾರಿಯಲ್ಲಿ ಸುತ್ತುತ್ತದೆ. ‘ಇಷ್ಟು ಹೊತ್ತು ಎಲ್ಲಿದ್ರಿ?’ ಎಂದು ಆಕೆ ಕೇಳುತ್ತಾರೆ. ಆತ ಮೊಬೈಲ್ ನೋಡುತ್ತ ಸುಮ್ಮನಾಗುತ್ತಾರೆ. ಆತ ಸುಮ್ಮನಾದಷ್ಟೂ ಆಕೆಯ ದನಿ ಏರುತ್ತದೆ, ದನಿ ಏರಿದಷ್ಟೂ ಆತ ಮುಚ್ಚಿಕೊಳ್ಳುತ್ತಾರೆ. ಚಿಕಿತ್ಸಕರು ಮಾತನ್ನು ಅಲ್ಲೇ ನಿಲ್ಲಿಸಿ, ‘ಅವರು ಈಗ ಹೇಳಿದ್ದೇನು, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನುತ್ತಾರೆ. ಹೆಚ್ಚಿನವರಿಗೆ ಮೊದಲ ಸಲ ಇದು ಬರುವುದಿಲ್ಲ. ‘ನನ್ನ ಮೇಲೆ ಅನುಮಾನ ಅಂತೆ’ ಎನ್ನುತ್ತಾರೆ ಆತ. ‘ಇಲ್ಲ, ಒಬ್ಬಳೇ ಇದ್ದಾಗ ಹೆದರಿಕೆ ಆಗುತ್ತೆ ಅಂದೆ’ ಎಂದು ಆಕೆ ತಿದ್ದುತ್ತಾರೆ. ಜೋಡಿ ಚಿಕಿತ್ಸೆಯ ಬಹುಪಾಲು ಕೆಲಸ ಈ ತಿದ್ದುಪಡಿಯಲ್ಲಿದೆ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್ಮನ್, ವ್ಯಕ್ತಿತ್ವವನ್ನೇ ಟೀಕಿಸುವುದು, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು, ಮಾತು ಮುಚ್ಚಿಬಿಡುವುದು ಎಂಬ ನಾಲ್ಕನ್ನು ಸಂಬಂಧ ಕೆಡಿಸುವ ನಡೆಗಳೆಂದು ಗುರುತಿಸಿದರು. ನಾಲ್ಕರಲ್ಲಿ ತಿರಸ್ಕಾರವೇ ಅತಿ ಕೆಟ್ಟದ್ದು ಎಂಬುದು ಅವರ ನಿಲುವು.

ಜೋಡಿಯಾಗಿ ಹೋಗುವವರು ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಒಬ್ಬರು ಪ್ರತ್ಯೇಕವಾಗಿ ಹೇಳಿದ ಗುಟ್ಟನ್ನು ನೀವು ಏನು ಮಾಡುತ್ತೀರಿ? ಗುಟ್ಟು ಇಟ್ಟುಕೊಳ್ಳುವುದೇ ಇಲ್ಲ ಎನ್ನುವವರಿದ್ದಾರೆ, ಹೇಳಿದವರೇ ಬಹಿರಂಗಪಡಿಸಲು ಸಮಯ ಕೊಡುವವರಿದ್ದಾರೆ. ಉತ್ತರ ಮೊದಲ ದಿನವೇ ಗೊತ್ತಿರಬೇಕು. ವಿಚ್ಛೇದನದ ಮೊಕದ್ದಮೆಗೆ ಸಾಕ್ಷ್ಯ ಕೂಡಿಸಲು ಚಿಕಿತ್ಸೆಗೆ ಹೋಗುವುದು ಸರಿಯಲ್ಲ. ಕೌಟುಂಬಿಕ ನ್ಯಾಯಾಲಯಗಳು 1984ರ ಕಾಯ್ದೆಯಂತೆ ನಡೆಸುವ ರಾಜಿ ಪ್ರಯತ್ನವೇ ಬೇರೆ, ಇದೇ ಬೇರೆ. ಇಬ್ಬರೂ ಪ್ರಾಮಾಣಿಕವಾಗಿ ಪ್ರಯತ್ನಿಸಿದ ಮೇಲೂ ಬೇರೆಯಾಗುವ ತೀರ್ಮಾನಕ್ಕೆ ಬರಬಹುದು. ಅದನ್ನು ಸೋಲೆಂದು ಎಣಿಸಬೇಕಿಲ್ಲ.

ಹೊಡೆತ, ಬೆದರಿಕೆ ಇರುವ ಮನೆಯ ಮಾತು ಬೇರೆ. ಗಂಡನೆದುರು ಬಾಯಿಬಿಟ್ಟ ಹೆಂಡತಿ ಅದಕ್ಕೆ ಮನೆಯಲ್ಲಿ ಬೆಲೆ ತೆರಬೇಕಾಗಬಹುದು. ಆದ್ದರಿಂದ ಅಲ್ಲಿ ಜೊತೆಯಾಗಿ ಕೂರಿಸುವ ಚಿಕಿತ್ಸೆ ಸರಿಯಾದ ಮೊದಲ ಹೆಜ್ಜೆಯಲ್ಲ, ಸುರಕ್ಷತೆ ಮೊದಲು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ಆಕೆಗಿದೆ, ಮಹಿಳಾ ಸಹಾಯವಾಣಿ 181 ಇದೆ. ಹೊಂದಿಕೊಂಡು ಹೋಗು ಎಂದು ಆಕೆಗೆ ಹೇಳುವ ಸಮಾಲೋಚಕರು ಆ ಕೆಲಸಕ್ಕೆ ತಕ್ಕವರಲ್ಲ.

ಶುಲ್ಕ, ಭೇಟಿ ತಪ್ಪಿದರೆ ಕಟ್ಟಬೇಕಾದ ಹಣ, ಎಷ್ಟು ಭೇಟಿ ಬೇಕಾಗಬಹುದು ಎಂಬುದನ್ನು ಆರಂಭದಲ್ಲೇ ಮಾತಾಡಿಕೊಳ್ಳಬೇಕು. ಆನ್‌ಲೈನ್ ಭೇಟಿಯಾದರೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕು. ಅದಿಲ್ಲದವರು ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವುದೂ ಇದೆ. ನಾಲ್ಕೈದು ಭೇಟಿಯ ನಂತರವೂ ಮನಸ್ಸು ಬಿಚ್ಚಲು ಆಗದಿದ್ದರೆ ಚಿಕಿತ್ಸಕರಿಗೇ ಹಾಗೆಂದು ಹೇಳಿ, ಬೇಕಿದ್ದರೆ ಬೇರೆಯವರ ಬಳಿ ಹೋಗಬಹುದು. ಮನೋವೈದ್ಯರ ಮಾತ್ರೆಯನ್ನು ಮಾತ್ರ ಯಾರನ್ನೂ ಕೇಳದೆ ನಿಲ್ಲಿಸಬಾರದು.

ಖಾಸಗಿ ಶುಲ್ಕ ಕೈಗೆಟುಕದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು; ಕುಟುಂಬದವರನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ನಿಮ್ಹಾನ್ಸ್‌ನಲ್ಲಿದೆ. ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದವರಿಗೆ, ಸಾಯುವ ಯೋಚನೆ ಕಾಡುತ್ತಿರುವವರಿಗೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯಿದೆ. ಸಂಖ್ಯೆ 14416, ಹಗಲು ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.