ಕೋಡಿಯ ನೀರೂ ಗಣಕದ ಚಿತ್ರವೂ

ಕಳೆದ ದೀಪಾವಳಿಯ ಮರುದಿನ ಹಿರಿಯೂರು ತಾಲ್ಲೂಕಿನ ನಮ್ಮ ಹಳೆಯ ಶಿಷ್ಯರೊಬ್ಬರು ಮಗಳೊಡನೆ ಚಿತ್ರದುರ್ಗದ ನಮ್ಮ ಮನೆಗೆ ಬಂದರು. ಹುಡುಗಿ ಇಂಜಿನಿಯರಿಂಗ್ ಮುಗಿಸಿರುವಳು; ಇನ್ನೆರಡು ವರ್ಷ ‘ಗ್ರಾಫಿಕ್ಸ್’ ಓದಬೇಕೆಂದು ಅವಳ ಹಟ. ಒಂದು ಖಾಸಗಿ ಸಂಸ್ಥೆಯವರು ಕೇಳುವ ಶುಲ್ಕಕ್ಕಾಗಿ ತೆಂಗಿನ ತೋಟವನ್ನು ಅಡವಿಡಬೇಕಾಗುವುದು. “ಸಿನಿಮಾಕ್ಕೆ ಬಣ್ಣ ಹಚ್ಚುವುದಕ್ಕೂ ಎಂ.ಎ. ಬೇಕೇ, ಮೇಷ್ಟ್ರೇ?” ಎಂದು ತಂದೆ ಕೇಳಿದರು.

ನಾವು ಒಡನೆಯೇ ಉತ್ತರ ಹೇಳಲಿಲ್ಲ. ಕಾರಣವುಂಟು. ಕೆಲವು ವರ್ಷಗಳ ಹಿಂದೆ ಹೊಳಲ್ಕೆರೆಯ ಕಡೆಯ ಹುಡುಗನೊಬ್ಬನಿಗೆ, ಏನನ್ನೂ ವಿಚಾರಿಸದೆ, “ಹೊಸ ವಿದ್ಯೆ, ಸೇರಿಕೊಳ್ಳಪ್ಪ” ಎಂದುಬಿಟ್ಟಿದ್ದೆವು. ಅವನು ಸೇರಿದೆಡೆಯಲ್ಲಿ ಕಲಿಸಿದುದು ಒಂದು ಸಾಫ್ಟ್‌ವೇರನ್ನು ನಡೆಯಿಸುವ ಕ್ರಮವನ್ನು ಮಾತ್ರ. ಆ ಸಾಫ್ಟ್‌ವೇರು ಹಳತಾಯಿತು. ಅದರೊಡನೆ ಅವನ ವಿದ್ಯೆಯೂ ಹಳತಾಯಿತು. ಸಾಲವಿನ್ನೂ ತೀರಿಲ್ಲ.

ಆದುದರಿಂದ ಈ ಸಲ ಹುಡುಗಿಯನ್ನೇ ಕೇಳಿದೆವು: “ಈ ಓದಿನಲ್ಲಿ ಓದುವುದಾದರೂ ಏನಮ್ಮ?”

“2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಿತಲ್ಲಾ, ಆ ನೀರನ್ನು ಕಂಪ್ಯೂಟರಿನಲ್ಲಿ ಬೀಳಿಸುವುದು ಹೇಗೆಂದು ಓದಬೇಕು” ಎಂದಳು.

ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸಸಾಗರವು 1933ರಲ್ಲಿ ಕೋಡಿ ಬಿದ್ದ ತರುವಾಯ 89 ವರ್ಷ ಹಾಗೆ ತುಂಬಿ ಹರಿದಿರಲಿಲ್ಲ. ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು; ನಾವೂ ಹೋಗಿದ್ದೆವು. (2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಮೊಣಕಾಲು ಬಿಡಲಿಲ್ಲ.) ಅಂಥ ನೀರನ್ನು ಕುಂಚದಿಂದ ಬರೆಯಲಾಗದು. ಅದನ್ನು ಲೆಕ್ಕ ಹಾಕಬೇಕಂತೆ! ನೀರಿರುವ ಎಡೆಯನ್ನೆಲ್ಲ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸುವರು. ಉದ್ದ, ಅಗಲ, ಎತ್ತರಗಳಲ್ಲಿ ನೂರು ನೂರು ಮನೆಗಳಾದರೆ ಒಟ್ಟು ಹತ್ತು ಲಕ್ಷ. ಪ್ರತಿಯೊಂದು ಮನೆಯಲ್ಲಿಯೂ ನೀರಿನ ವೇಗವೆಷ್ಟು, ದಿಕ್ಕು ಯಾವುದು, ಒತ್ತಡವೆಷ್ಟು ಎಂಬುದನ್ನು ಗಣಿಸಬೇಕು. ಅಡಕೆ ತೋಟದ ಕಾಲುವೆಯನ್ನು ಬಲ್ಲವರಿಗೆ ಇದರ ಮೂಲಸೂತ್ರ ಹೊಸದಲ್ಲ: ತುಂಬಿದ ಕಾಲುವೆಗೆ ಬಂದ ನೀರೆಷ್ಟೋ ಅಷ್ಟೇ ಹೊರಕ್ಕೆ ಹೋಗಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಚಿತ್ರ ಚಿತ್ರಕ್ಕೂ ಈ ಹತ್ತು ಲಕ್ಷದ ಲೆಕ್ಕ ಮತ್ತೆ ಮೊದಲಾಗುವುದು.

ಈ ಚಲನೆಯ ಸಮೀಕರಣಗಳನ್ನು ಫ್ರಾನ್ಸಿನ ನೇವಿಯೇ 1822ರಲ್ಲಿಯೂ ಆಂಗ್ಲ ದೇಶದ ಸ್ಟೋಕ್ಸ್ 1845ರಲ್ಲಿಯೂ ನಿರೂಪಿಸಿದ್ದರು. ಆದರೆ ಗಣಕದಲ್ಲಿ ಕಾಲದ ಹೆಜ್ಜೆ ತುಸು ದೊಡ್ಡದಾದರೆ ಲೆಕ್ಕವೇ ಹುಚ್ಚೆದ್ದು ಅಂಕೆಗಳು ಅನಂತಕ್ಕೆ ಹಾರುತ್ತಿದ್ದವು. 1999ರಲ್ಲಿ ಜಾಸ್ ಸ್ಟಾಮ್ ಎಂಬ ವಿದ್ವಾಂಸರು, ಈ ಮನೆಯ ನೀರು ಎಲ್ಲಿಗೆ ಹೋಗುವುದೆಂದು ಕೇಳದೆ, ಎಲ್ಲಿಂದ ಬಂದಿತೆಂದು ಹಿಂದಕ್ಕೆ ಹುಡುಕುವ ಕ್ರಮವನ್ನು ತೋರಿಸಿ ಆ ಹುಚ್ಚನ್ನು ಬಿಡಿಸಿದರು. ಕಾರ್ಯದಿಂದ ಕಾರಣಕ್ಕೆ ಹೋಗುವ ಈ ದಾರಿ ತರ್ಕಸಂಗ್ರಹವನ್ನು ಪಾಠ ಹೇಳಿದ ನಮಗೆ ಬಲು ಮೆಚ್ಚಿಗೆಯಾಯಿತು.

ಬೆಳಕಿನದೂ ಹೀಗೆಯೇ. ಬೆಳಗಿದ ಹಿತ್ತಾಳೆಯ ತಂಬಿಗೆಯಲ್ಲಿ ಹೊಳಪು ಒಂದು ಬಿಂದುವಾಗಿ ನಿಲ್ಲುವುದೇಕೆ, ಕೋಟೆಯ ಒರಟು ಬಂಡೆಯ ಮೇಲೆ ಅದು ಹರಡಿಹೋಗುವುದೇಕೆ? ಇದಕ್ಕೊಂದು ಸುಲಭ ಸೂತ್ರವನ್ನು ವಿಯೆಟ್ನಾಮಿನಲ್ಲಿ ಹುಟ್ಟಿದ ಬುಯಿ ತುಯೋಂಗ್ ಫಾಂಗ್ ಅವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1973ರ ತಮ್ಮ ಪ್ರಬಂಧದಲ್ಲಿ ಕೊಟ್ಟರು. ಎರಡು ವರ್ಷಗಳಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಸೂತ್ರವನ್ನು ವಿದ್ಯಾರ್ಥಿಗಳು ಇಂದಿಗೂ ಕಲಿಯುವರು.

ಇಲ್ಲಿ ಒಂದು ಮಾತು ನೆನಪಿಗೆ ಬರುವುದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ರೀಶಂಕುಕನ ಚಿತ್ರತುರಗನ್ಯಾಯವೆಂಬುದುಂಟು. (ಚಿತ್ರದುರ್ಗವಲ್ಲ, ಚಿತ್ರದ ಕುದುರೆ, ಪರೀಕ್ಷೆಯಲ್ಲಿ ಹಾಗೆ ಬರೆದವರಿದ್ದರು.) ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಆ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಈ ಕೋಟೆಯ ಮೇಲೆಯೇ ಓಡಾಡಿದ ವಿಷ್ಣುವರ್ಧನರು 2009ರಲ್ಲಿ ಕಾಲವಾದರು. 2016ರಲ್ಲಿ ಅದೇ ಹೆಸರಿನ ಬೇರೊಂದು ಚಿತ್ರದಲ್ಲಿ ಗಣಕದಿಂದ ಅವರ ಮುಖವನ್ನು ಮೂಡಿಸಿದರು. ಅದನ್ನು ಕಂಡು ನಮ್ಮ ಮನೆಯಾಕೆ ಕಣ್ಣೊರಸಿಕೊಂಡುದು ಯಾವ ಬಗೆಯ ತಿಳಿವೋ, ಶಂಕುಕನೇ ಹೇಳಬೇಕು.

ತಂದೆಗೆ ನಾವು ಹೇಳಿದುದು ಇಷ್ಟು. ಗಣಿತದ ದಾರಿ ಹಿಡಿಯುವವರಿಗೆ ಗಣಕಶಾಸ್ತ್ರದ ಎಂ.ಟೆಕ್. ಇರುವುದು, ಅದಕ್ಕೆ ‘ಗೇಟ್’ ಪರೀಕ್ಷೆ. ಸರಕಾರದ ಸಂಸ್ಥೆಗಳಲ್ಲಿ ಹೀಗೆ ಸೇರಿದವರಿಗೆ ತಿಂಗಳ ವಿದ್ಯಾರ್ಥಿವೇತನವೂ ದೊರೆಯುವುದುಂಟು. ಚಿತ್ರಕಲೆಯ ಕೈ ಇದ್ದವರಿಗೆ ಮುಂಬಯಿಯ ಐ.ಐ.ಟಿ.ಯಲ್ಲಿ 1969ರಲ್ಲಿ ಸ್ಥಾಪಿತವಾದ ವಿನ್ಯಾಸಶಾಲೆಯ ಎಂ.ಡೆಸ್. ಉಂಟು, ಅದಕ್ಕೆ ‘ಸೀಡ್’ ಪರೀಕ್ಷೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ತಮ್ಮದೇ ಪ್ರವೇಶಪರೀಕ್ಷೆಯನ್ನು ನಡೆಯಿಸುವರು. ಯಾವ ಸಂಸ್ಥೆಯೇ ಆಗಲಿ, ಹಣ ಕಟ್ಟುವ ಮೊದಲು ಪಾಠಪಟ್ಟಿಯನ್ನು ತರಿಸಿ ನೋಡಿ. ಅದರಲ್ಲಿ ಸಾಫ್ಟ್‌ವೇರುಗಳ ಹೆಸರೇ ತುಂಬಿದ್ದು ಗಣಿತವಾಗಲಿ ರೇಖಾಚಿತ್ರವಾಗಲಿ ಕಾಣದಿದ್ದರೆ ತೋಟದ ಪತ್ರವನ್ನು ಪೆಟ್ಟಿಗೆಯಿಂದ ತೆಗೆಯಬೇಡಿ.

ಪತ್ರ ಪೆಟ್ಟಿಗೆಯಲ್ಲಿಯೇ ಇರುವುದು. ಹುಡುಗಿ ಹೊಸದುರ್ಗದ ಸೋದರತ್ತೆಯ ಮನೆಯಲ್ಲಿದ್ದು ಗೇಟ್ ಪರೀಕ್ಷೆಗೆ ಓದುತ್ತಿರುವಳು. ಹೊಳಲ್ಕೆರೆಯ ಹುಡುಗನಿಗೂ ಈ ಸಂಗತಿಯನ್ನೆಲ್ಲ ತಿಳಿಸಿ, ನಮ್ಮ ತಪ್ಪನ್ನೂ ಒಪ್ಪಿಕೊಂಡು, ಕಾಗದ ಬರೆದಿರುವೆವು. ಉತ್ತರ ಇನ್ನೂ ಬಂದಿಲ್ಲ.